ನಾತ ಹೋದ ನೀರು

ಹುಸೇನಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿಯನ್ನು ಬೆಳಿಗ್ಗೆ ಮೇಸ್ತ್ರಿ ಭೀಮಾಶಂಕರ ತಂದ. ತೆಲುಗು ನಾಡಿನ ಕೊಂಡಾಪುರದಲ್ಲಿ ಕಂಪ್ಯೂಟರ್ ಕಂಪನಿಗೆಂದು ಏಳುತ್ತಿದ್ದ ಕಟ್ಟಡದ ಹಿಂದಿನ ತಗಡಿನ ಗುಡಿಸಲುಗಳಲ್ಲಿ ಅಳು ಎದ್ದಿತು. ಗೋಡೆ ಕಟ್ಟುವ ಆ ಗಟ್ಟಿಮುಟ್ಟಾದ ಗೌಂಡಿಯನ್ನು ವಾಂತಿ-ಭೇದಿ ಹಿಂಡಿಹಾಕಿತ್ತು. ಅವನ ಅಕ್ಕ ಸುಗಲಮ್ಮನಿಗೆ ಅಳಲೂ ಧೈರ್ಯವಿರಲಿಲ್ಲ. ತಮ್ಮನ ಹೆಂಡತಿ ರೇಣುಕಾ ತುಂಬು ಬಸುರಿ. ಅವಳಿಗೂ ಹೊಟ್ಟೆ ತೊಳಸುತ್ತಿದೆಯೇ ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು.

ಅಷ್ಟರಲ್ಲಿ ಆರೋಗ್ಯ ಇಲಾಖೆಯ ಕಮಲಾಕ್ಷಿ ಬಂದಳು. ರಾಯಚೂರಿನ ಹೆಣ್ಣುಮಗಳು, ದಿನವೂ ಟ್ಯಾಂಕರ್ ನೀರು ತುಂಬಿದ ಡ್ರಮ್ಮಿಗೆ ಬ್ಲೀಚಿಂಗ್ ಪೌಡರ್ ಕಲಸಿ ಮುಚ್ಚಳ ಹಾಕಿ ಹೋಗುವವಳು ಅವಳೇ. ಈಗ ಗಾಜಿನ ಕೊಳವೆಯಲ್ಲಿ ನಿನ್ನೆಯ ನೀರು ಹಿಡಿದು ಔಷಧದ ಹನಿ ಬಿಟ್ಟಳು. ಕ್ಲೋರಿನ್ ಇದ್ದರೆ ನೀರು ಹಳದಿಗೆ ತಿರುಗಬೇಕು. ಎಷ್ಟು ಅಲ್ಲಾಡಿಸಿದರೂ ಬಣ್ಣ ಬರಲಿಲ್ಲ.

"ಪೌಡರ್ ನಾನ ಹಾಕೀನಿ. ಎಲ್ಲಿ ಹೋತು?" ಎಂದಳು.

ಸುಗಲಮ್ಮ ಡ್ರಮ್ಮಿನ ಮುಚ್ಚಳದ ಕಡೆ ನೋಡಿದಳು. ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದವಳು ಅವಳು. ಔಷಧ ನಾರುವ ನೀರನ್ನು ಶಿವನಿಗೆ ಎರೆಯಲು ಮನಸ್ಸೊಪ್ಪದೆ, ಕಮಲಾಕ್ಷಿ ಅತ್ತ ಹೋದೊಡನೆ ಮುಚ್ಚಳ ತೆಗೆದು ಡ್ರಮ್ಮನ್ನು ಬಿಸಿಲಿಗೆ ಬಿಡುತ್ತಿದ್ದಳು.

"ನಾನ ತೆರದಿಡತಿದ್ದೆ ತಂಗಿ. ನಾತ ಹೋದ್ರ ನೀರು ಶುದ್ಧ ಆತು ಅಂದ್ಕೊಂಡಿದ್ದೆ."

ಕಮಲಾಕ್ಷಿ ಬೈಯಲಿಲ್ಲ. ಆ ನಾತವೇ ನೀರಿನ ಕಾವಲು, ಬಿಸಿಲಿಗೆ ಅದು ಹಾರಿಹೋಗುತ್ತದೆ, ಆಮೇಲೆ ಯಾರಾದರೂ ಹೊಲಸು ಕೈಯಲ್ಲಿ ಚೆಂಬು ಅದ್ದಿದರೆ ರೋಗವನ್ನು ತಡೆಯುವಂಥದ್ದು ನೀರಿನಲ್ಲಿ ಏನೂ ಉಳಿದಿರುವುದಿಲ್ಲ ಎಂದು ಮೆಲ್ಲಗೆ ತಿಳಿಸಿದಳು. ಅತ್ತ ನೆರೆಯ ಗಂಗೂಬಾಯಿ ಅದೇ ಡ್ರಮ್ಮಿನ ನೀರನ್ನು ರೇಣುಕಾಳ ತುಟಿಗೆ ಹಿಡಿದಿದ್ದಳು. ಸುಗಲಮ್ಮ ಓಡಿಹೋಗಿ ಲೋಟ ಕಿತ್ತು ಚೆಲ್ಲಿದಳು.

ಡ್ರಮ್ಮು ತೊಳೆದು ಹೊಸ ನೀರು ತುಂಬಿ, ಪೌಡರ್ ಕಲಸಿ ಮುಚ್ಚಿದರು. ಅರ್ಧ ತಾಸು ಯಾರೂ ಮುಟ್ಟಬಾರದು ಎಂದಳು ಕಮಲಾಕ್ಷಿ. ಪೌಡರ್ ತನ್ನ ಕೆಲಸ ಮಾಡಲು ಅಷ್ಟು ಹೊತ್ತು ಬೇಕು. ಅದೇ ಸಮಯಕ್ಕೆ ಹೆಣ ಹೊತ್ತ ಗಾಡಿ ಬಂದು ನಿಂತಿತು. ಡ್ರೈವರ್ ತೆಲುಗಿನಲ್ಲಿ ಅವಸರಿಸಿದ. ಬಾಯಿಗೆ ನೀರು ಬಿಟ್ಟು ಕಳಿಸೋಣವೆಂದು ಭೀಮಾಶಂಕರ ಚೆಂಬು ಹಿಡಿದು ಬಂದ. ಸುಗಲಮ್ಮ ಮುಚ್ಚಳದ ಮೇಲೆ ಎರಡೂ ಕೈ ಊರಿದಳು.

"ಅರ್ಧ ತಾಸು ತಡೀರಿ."

"ಸತ್ತಾಂವಗ ಇನ್ನೇನಾಗೋದೈತಿ, ಯಕ್ಕಾ?"

"ನನ್ನ ಕೈಲಿಂದ ಅವಗ ಮತ್ತ ಅಂಥಾ ನೀರು ಬ್ಯಾಡ."

ಗಾಡಿ ಕಾಯಿತು. ಸುಗಲಮ್ಮ ಮುಚ್ಚಳದ ಮೇಲೆ ಹಣೆಯಿಟ್ಟಳು.

"ಶಿವನೇ, ನನ್ನ ತಮ್ಮ ನೀರಡಿಸಿ ಬರಾಕತ್ತಾನ. ನೀನಾರ ಅವನ ಜೀವ ತಂಪ ಮಾಡು."