ಕಾಕಾನ ಗ್ಲೌಸು

ಎಣ್ಣೆ ಹಚ್ಚಿದ ಚರ್ಮದ ವಾಸನೆ ಬಂದರೆ ನನಗೆ ಈಗಲೂ ಭಾಲ್ಕಿಯ ನಮ್ಮ ಅಂಗಳದ ಆ ಮಧ್ಯಾಹ್ನ ನೆನಪಾಗುತ್ತದೆ.

ಕಾಕಾ ರಾಜ್ಯದ ಬೇಸ್‌ಬಾಲ್ ತಂಡದಲ್ಲಿ ಆಡುತ್ತಿದ್ದ. ಬ್ಯಾಟಿಗೆ ತಾಗಿ ನೆಲದ ಮೇಲೆ ನುಗ್ಗಿ ಬರುವ ಚೆಂಡನ್ನು ಬಾಗಿ ಹಿಡಿಯುವುದೇ ಅವನ ಕೆಲಸ. ಬೀದರಿನ ಮೈದಾನದಲ್ಲಿ ಅಂಥದೊಂದು ಚೆಂಡು ಕಲ್ಲಿಗೆ ಪುಟಿದು ಅವನ ಬಲಗಣ್ಣಿಗೆ ಬಡಿದಿತ್ತು. ಪಟ್ಟಿ ಬಿಚ್ಚಿದ ದಿನವೇ ಅವನು ಗ್ಲೌಸು ತೊಟ್ಟು ಅಂಗಳದಲ್ಲಿ ಬಾಗಿ ನಿಂತ.

"ಚೆಂಡು ಉರುಳಸವ್ವಾ," ಅಂದ.

ಉರುಳಿಸಿದೆ. ಗ್ಲೌಸು ಚೆಂಡಿನ ಪಕ್ಕಕ್ಕೆ ಹೋಯಿತು.

"ಇನ್ನೊಮ್ಮಿ. ಸಾವಕಾಶ."

ಅದೂ ತಪ್ಪಿತು. ಜೋಳ ಹಸನು ಮಾಡುತ್ತಿದ್ದ ಅಜ್ಜಿ, "ಸಾಕು ಬಿಡಪ್ಪಾ, ಒಳಗ ಬಾ," ಅಂದಳು.

ಕಾಕಾ ಬಾಗಿಯೇ ಇದ್ದ. "ಇನ್ನೊಮ್ಮಿ."

ನಾನು ಉರುಳಿಸಲಿಲ್ಲ. ಹತ್ತಿರ ಹೋಗಿ ಚೆಂಡನ್ನು ಗ್ಲೌಸಿನೊಳಗೆ ಇಟ್ಟೆ. ಅವನು ಬೆರಳು ಮಡಚಲಿಲ್ಲ. ಚೆಂಡು ಜಾರಿ ಕೆಳಗೆ ಬಿತ್ತು.