ಫಕ್ಕೀರವ್ವನ ಪಾಲಿನ ಮೋಡ

ಸರ್ಕಾರ ರೈತರಿಗೆ ಸಬ್ಸಿಡಿ ದುಡ್ಡಿನ ಬದಲು ಮೋಡ ಕೊಡತೊಡಗಿದ ಮೇಲೆ ಫಕ್ಕೀರವ್ವನ ಪಾಳಿ ಬಂದದ್ದು ಇದೇ ಮೊದಲು. ಕೃಷಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ ಹೊರಬಂದಾಗ ಎಮ್ಮೆಗರುವಿನಂಥ ಕಪ್ಪು ಮೋಡವೊಂದು ಅವಳ ತಲೆಯ ಮೇಲೆ ಬಂದು ನಿಂತಿತು.

“ಸೀದಾ ಹೊಲಕ್ಕ ಹೋಗಬೇ ಯವ್ವಾ. ಇಲ್ಲಿಂದ ಹೊಂಟ ಮ್ಯಾಲೆ ನೀ ಎಲ್ಲಿ ನಿಂದರತಿ, ಅಲ್ಲೇ ಸುರೀತೈತಿ,” ಎಂದ ಗುಮಾಸ್ತ.

ಅವಳು ಸ್ಕೂಟಿ ಓಡಿಸಿದಳು, ಮೋಡ ಬೆನ್ನು ಹತ್ತಿತು. ಈ ಒಂದು ಮಳೆಯಾದರೆ ಜೋಳದ ಕಾಳು ತುಂಬುತ್ತದೆ.

ಹೊಲ ಮುಟ್ಟಿದವಳು ಬ್ರೇಕಿನಿಂದ ಕೈ ತೆಗೆದಳು. ಬದುವಿನಾಚೆ ಪಕ್ಕದ ಹೊಲದ ದ್ಯಾಮವ್ವ ವರ್ಷದ ಮೆಣಸಿನಕಾಯಿಯನ್ನೆಲ್ಲ ಒಣಹಾಕಿ ಬೇವಿನ ಮರದಡಿ ಮಲಗಿದ್ದಳು. ಬದುವಿನ ಜಗಳವಾದಾಗಿನಿಂದ ಇಬ್ಬರಿಗೂ ಮಾತಿರಲಿಲ್ಲ. ಇಲ್ಲಿ ನಿಂತರೆ ಆ ಕೆಂಪು ರಾಶಿಯೂ ತೋಯುತ್ತದೆ.

ಫಕ್ಕೀರವ್ವ ನಿಲ್ಲಲಿಲ್ಲ. ಹೊಲದ ಸುತ್ತ ಸ್ಕೂಟಿ ತಿರುಗಿಸುತ್ತ, ಹಾರನ್ ಬಾರಿಸುತ್ತ ಕೂಗಿದಳು: “ದ್ಯಾಮಕ್ಕಾ, ಏಳಬೇ! ಕಾಯಿ ಮುಚ್ಚು!”

ದ್ಯಾಮವ್ವ ಕಣ್ಣುಜ್ಜಿಕೊಂಡು ಎದ್ದಳು, ಮೇಲೆ ನೋಡಿದಳು, ತಾಡಪಾಲಿಗೆ ಓಡಿದಳು.

“ಇನ್ನೂ ಅರ್ಧ ಐತಿ, ತಿರಗು ತಿರಗು!”

“ಪೆಟ್ರೋಲು ಮುಗೀತೈತಿ ಬೇ!”

ಕೊನೆಗೆ ಹೊಲದೊಳಗೆ ತಿರುಗಿಸಿದ ಸ್ಕೂಟಿ ಕೆಮ್ಮಿ ನಿಂತದ್ದು ಜೋಳದ ನಡುವೆಯೇ. ಅಷ್ಟರಲ್ಲಿ ದ್ಯಾಮವ್ವ ತಾಡಪಾಲಿನ ಮೇಲೆ ಕಲ್ಲು ಹೇರಿದ್ದಳು. ಮೋಡ ಒಮ್ಮೆಲೇ ಸುರಿಯಿತು.

ಮಳೆ ನಿಂತ ಮೇಲೆ ದ್ಯಾಮವ್ವ ಬದು ದಾಟಿ ಬಂದು, ತನ್ನ ಸೆರಗಿನಿಂದಲೇ ಅವಳ ತಲೆ ಒರೆಸಿದಳು.

“ಬರೂ ವಾರ ನಂದೂ ಮೋಡ ಐತಿ, ಫಕ್ಕೀರಿ. ನನಗ ಗಾಡಿ ಹೊಡ್ಯಾಕ ಬರೂದಿಲ್ಲ.”

“ಹಿಂದ ಕುಂದರು,” ಎಂದಳು ಫಕ್ಕೀರವ್ವ. “ಪೆಟ್ರೋಲು ಮಾತ್ರ ನಿಂದು.”