ಅಕ್ಕೋರು ಆವತ್ತು ಎಲ್ಲಿದ್ದರು?

ಊರ ಶಾಲೆಯಲ್ಲಿ ಕಲಿಸುವ ಅಕ್ಕೋರು ತಲೆ ಎತ್ತಲಿಲ್ಲ. ಅಲ್ಲಿಗೆ ತಪ್ಪು ಅವರದೇ ಎಂದು ಕಳಕೇಶನಿಗೆ ಖಾತ್ರಿಯಾಯಿತು.

ಶಾಲೆಯ ಬೆಂಚು, ಕಪಾಟು ಟ್ರ್ಯಾಕ್ಟರಿಗೆ ಏರುತ್ತಿದ್ದವು. ಶಾಲೆ ಮುಚ್ಚಿಸಲು ರೋಣದಿಂದ ಬಂದ ಶಿಕ್ಷಣ ಇಲಾಖೆಯ ಸಾಹೇಬರು ಜೀಪಿನ ನೆರಳಲ್ಲಿ ನಿಂತಿದ್ದರು. ನಾಳೆಯಿಂದ ಈ ಊರಿನ ಮಕ್ಕಳು ಹಳ್ಳದಾಚೆಯ ದೊಡ್ಡ ಶಾಲೆಗೆ ನಡೆಯಬೇಕು. ಊರ ಶಾಲೆ ಮುಗಿಸಿದ ಮೇಲೆ ಕಳಕೇಶನ ಓದು ನಿಂತದ್ದೂ ಅದೇ ಹಳ್ಳದ ದಂಡೆಯಲ್ಲಿ. ಈಗ ಮಗಳು ಕವಿತಾಳ ಸರದಿ. ಅವಳಿನ್ನೂ ಎರಡನೇ ಇಯತ್ತೆ.

ಅವನು ಮಾಡದೇ ಬಿಟ್ಟದ್ದೇನಿತ್ತು? ರೋಣದ ಬಿಸಿಲಲ್ಲಿ ಧರಣಿ ಕುಳಿತ. ಹಿರಿಯರ ಕಾಲಿಗೆ ಬಿದ್ದು ಊರದೇವಿ ದ್ಯಾಮವ್ವನಿಗೆ ಹೊರಬೀಡು ಮಾಡಿಸಿದ. ಕೂಸುಕುನ್ನಿ ಕಟ್ಟಿಕೊಂಡು ಇಡೀ ಊರು ಒಂದು ಹಗಲು ಹೊಲದಲ್ಲೇ ಉಂಡು, ಶಾಲೆ ಉಳಿಯಲೆಂದು ಬೇಡಿಕೊಂಡಿತು. ಊರ ಮಕ್ಕಳನ್ನು ಸೆಳೆದೊಯ್ಯುವ ಕಾನ್ವೆಂಟಿನ ವ್ಯಾನಿಗೆ ಅಡ್ಡ ಮಲಗಿ ಪೊಲೀಸರ ಏಟನ್ನೂ ತಿಂದ.

ಎಲ್ಲ ದಂಡ. ಸಾಹೇಬರು ಹೇಳದೆ ಕೇಳದೆ ತಪಾಸಣೆಗೆ ಬಂದ ದಿನ ಶಾಲೆಯಲ್ಲಿ ಒಂದು ಮಗುವೂ ಇರಲಿಲ್ಲವಂತೆ. ಅಕ್ಕೋರೂ ಇರಲಿಲ್ಲವಂತೆ.

"ಎಲ್ಲಿ ಹೋಗಿದ್ರಿ ಅಕ್ಕೋರ? ಗಜೇಂದ್ರಗಡದ ಸಂತಿಗೇನ್ರಿ?"

ಕಳಕೇಶನ ಮಾತಿಗೆ ನೆರೆದವರು ನಕ್ಕರು. ಮುದುಕಿ ಉಡಚವ್ವ ನೆಲಕ್ಕೆ ಉಗುಳಿದಳು. "ವ್ಯಾನಿನವ್ರು ಚಲೋ ಸೀರಿ ಉಡಿಸಿರಬೇಕು ತಗೋ!"

ಕಳಕೇಶನಿಗೆ ಅಕ್ಷರ ತಿದ್ದಿಸಿದ ಕೈಗಳು ಸೆರಗು ಹಿಂಡುತ್ತಿದ್ದವು. ಅಕ್ಕೋರ ಕಣ್ಣು ಅವನ ಹೆಗಲಿಗೆ ಏರಿತು. ಅಲ್ಲಿದ್ದ ಕೆಂಪು ಟವೆಲ್ಲು ಅಲ್ಲಲ್ಲಿ ಹರಿದಿತ್ತು. ಮತ್ತೆ ಕಣ್ಣು ತಗ್ಗಿಸಿದರು.

"ನಂದ ತಪ್ಪು ಅಂತ ಇರ್ಲಿ ಬಿಡೋ ಕಳಕೇಶ. ಸಾಹೇಬ್ರನ್ನ ಮಾತ್ರ ಏನೂ ಕೇಳಬ್ಯಾಡ."

"ಯಾಕ? ನಿಮ್ಮ ಬಣ್ಣ ಬಯಲಾಗತೈತಂತನ?" ಅವನು ಜೀಪಿನತ್ತ ನುಗ್ಗಿದ. "ಸಾಹೇಬ್ರ, ಸಾಲಿ ಖಾಲಿ ಇತ್ತು ಅಂತೀರಲ್ಲ, ತೋರಸ್ರಿ ಪುರಾವೆ!"

ಸಾಹೇಬರಿಗೂ ರೋಸಿ ಹೋಗಿತ್ತು. ಮೊಬೈಲ್ ತೆಗೆದು ಅವನ ಮುಖಕ್ಕೆ ಹಿಡಿದರು. "ನೀವ ನೋಡ್ರಿ. ಯಾರನ್ನರ ಕೇಳೂಣು ಅಂದ್ರ ಊರೊಳಗ ಬರಾಕೂ ದಾರಿ ಇರಲಿಲ್ಲ."

ಫೋಟೊದಲ್ಲಿ, ಊರ ಹೊರಗಿನಿಂದಲೇ ಕಾಣುವ ಶಾಲೆಗೆ ಬೀಗ. ಓಣಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಊರ ಬಾಯಿಗೆ ಅಡ್ಡಲಾಗಿ ಜಾಲಿಮುಳ್ಳು: ಹೊರಬೀಡಿನ ಹಗಲು ಹೊರಗಿನವರು ಯಾರೂ, ಅಕ್ಕೋರು ಸಹ, ಒಳಗೆ ಕಾಲಿಡಬಾರದೆಂದು ಎಳೆದದ್ದು.

ಮುಳ್ಳಿನ ಮೇಲೆ, ಗುರುತಿಗೆಂದು ಬಿಗಿದು ಕಟ್ಟಿದ್ದ ಕೆಂಪು ಟವೆಲ್ಲು ಕಳಕೇಶನದು.